ರಕ್ತ ತಪಾಸಣಿ ಮೊದಲು ಯಾರದಾತು?

ಹೋದ ವಾರ ಹೊರ್ತಿಯಿಂದ ತಂಗಿ ಮಗಳು ಬಂದಿದ್ದಳು, ಐದು ತಿಂಗಳ ಬಸುರಿ. ಆಕಿ ತಾಯಿ ಕಾರ್ಡಿನಾಗ ಹಿಮೋಗ್ಲೋಬಿನ್, ಶುಗರ್ ಜೋಡಿ ಎಚ್‌ಐವಿ ಅಂತನೂ ಬರದಿತ್ತು. ಆಕಿಗೆ ಅದು ಮಾಮೂಲಿ. ನಾ ಮಾತ್ರ ಅದನ್ನ ನೋಡಕೋತ ಕುಂತೆ. 1991ರಾಗ ನನ್ನ ಚೊಚ್ಚಲ ಬಸುರಿಗೆ ಧನುರ್ವಾಯು ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಇದರ ಹೆಸರ ಯಾರೂ ತಗದಿರಲಿಲ್ಲ.

ಹಂಗಂತ ಜಡ್ಡು ಇರಲಿಲ್ಲಂತಲ್ಲ. 1986ರಾಗನ ಮದ್ರಾಸಿನ ಡಾ. ಸುನೀತಿ ಸೊಲೊಮನ್ ಮತ್ತ ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದಾಗ ಮೊದಲಿಗೆ ಇದನ್ನ ಪತ್ತೆ ಹಚ್ಚಿದ್ರು. ಅವತ್ತು ರಕ್ತ ತಗೊಂಡದ್ದು ಮೈ ಮಾರಿ ಬದುಕೋ ಹೆಣ್ಮಕ್ಕಳದು. ಹಿಂಗಾಗಿ ಇದು 'ಅಂಥವರ ಜಡ್ಡು' ಆತು. ಸಂಸಾರಸ್ಥರಿಗೆ ಯಾಕ್ರಿ ತಪಾಸಣಿ ಅಂತ ನಾವೂ ಅಂದವರ. ಆದ್ರ ಗಂಡಸರು ದುಡಿಲಿಕ್ಕೆ ಸೊಲ್ಲಾಪುರ, ಪುಣೆ, ಮುಂಬೈ ಅಂತ ಹೋಗೋ ಸೀಮಿ ನಮ್ಮದು. 2003ರಾಗ ಬಾಗಲಕೋಟಿ ಜಿಲ್ಲಾದಾಗ (1997ರ ತನಕ ಅದು ನಮ್ಮ ವಿಜಾಪುರ ಜಿಲ್ಲಾನ) ಸಾಮಾನ್ಯ ಜನರ ರಕ್ತ ನೋಡಿದ್ರ ನೂರಕ್ಕ ಸುಮಾರು 3 ಮಂದಿಗಿತ್ತು.

ಬಸುರಿ ಹೆಣ್ಮಕ್ಕಳ ತಪಾಸಣಿ ಸರಕಾರಿ ದವಾಖಾನಿಗೆ ಬಂದದ್ದು 2002ರ ಸುಮಾರಿಗೆ. ಬ್ಯಾನಿ ಬಂದಾಗ ತಾಯಿಗೆ ಒಂದು ನೆವಿರಾಪಿನ್ ಗುಳಿಗಿ, ಹುಟ್ಟಿದ 72 ತಾಸಿನೊಳಗ ಕೂಸಿಗೆ ಅದೇ ಔಷಧ. ಕೂಸಿಗೆ ಜಡ್ಡು ಹತ್ತೂದು ಹೆಚ್ಚುಕಡಿಮಿ ಅರ್ಧಕ್ಕ ಇಳಿತಿತ್ತು. ಛಲೋನ ಆತು. ತಾಯಿಗೆ ಮುಂದೇನು? ಏನಿಲ್ಲ, ಕೂಸು ಉಳೀತು, ಮನಿಗೆ ನಡಿ. ಪುಕ್ಕಟೆ ಔಷಧ ಶುರುವಾದದ್ದು 2004ರ ಏಪ್ರಿಲ್‌ನಾಗ, ಅದೂ ಎಲ್ಲೋ ಕೆಲವೇ ದೊಡ್ಡ ದವಾಖಾನಿಯೊಳಗ.

ಅದೇ ಹೊತ್ತಿನಾಗ ನಮ್ಮ ಓಣಿ ಸೊಸಿ ಒಬ್ಬಾಕಿದು ಹಿಂಗಾತು. ದವಾಖಾನಿಯೊಳಗ ನಾಕು ಮಂದಿ ಮುಂದ ರಿಪೋರ್ಟ್ ಓದಿ ಹೇಳಿದ್ರು. ರಕ್ತ ಮೊದಲು ಆಕಿದ ತಗೊಂಡಿದ್ರಲ್ಲ, ಹಂಗಂದ ಮ್ಯಾಲ ಆಕಿನ ತಂದಾಳ ಅಂತ ಅತ್ತಿಮನಿಯವರು ತೀರ್ಮಾನ ಮಾಡಿದ್ರು. ಗಂಡಗ ಎರಡು ವರ್ಷದಿಂದ ಜ್ವರ ಬಿಟ್ಟಿರಲಿಲ್ಲ, ಆದ್ರ ಅಂವನ ರಕ್ತ ಕೇಳಿದವರು ಯಾರೂ ಇಲ್ಲ. ನಾನೂ ಅವತ್ತು ಬಾಗಲಾ ಮುಂದ ಮಾಡಿಕೊಂಡೆ. ಒಪ್ಪಿಗಿ ಇಲ್ಲದ ರಕ್ತ ನೋಡಬಾರದು, ಇನ್ನೊಬ್ಬರಿಗೆ ಹೇಳಬಾರದು ಅನ್ನೋ ಕಾಯ್ದೆ ಜಾರಿಯಾದದ್ದು 2018ರ ಸಪ್ಟೆಂಬರಿನಾಗ.

ಇನ್ನೊಂದು. ನಮ್ಮ ಕಡೆ ಎರಡು-ಮೂರು ಮಕ್ಕಳಾದ ಕೂಡಲೇ ಆಪರೇಶನ್. ಆಮ್ಯಾಲ ಹೆಣ್ಮಗಳು ತನ್ನ ಸಲುವಾಗಿ ದವಾಖಾನಿ ಮೆಟ್ಟಲಾ ಹತ್ತೂದು ಯಾವಾಗ್ರಿ? ಹೊಟ್ಟ್ಯಾಗ ಕೂಸಿದ್ರ ಅಷ್ಟ ತಪಾಸಣಿ. ನಲವತ್ತು ದಾಟಿದಾಕಿನ್ನ, ಗಂಡ ಸತ್ತಾಕಿನ್ನ ಕರದು ಕೇಳವರು ಕಡಿಮಿ.

ಕಾರ್ಡ್ ತಿರುಗಿ ಕೊಡುವಾಗ ಕೇಳಿದೆ, ನಿನ್ನ ಗಂಡಂದು ಮಾಡ್ಯಾರೇನವ್ವಾ? "ಇಲ್ಲ ದೊಡ್ಡವ್ವಾ, ಅವರಿಗೇನ ಕೇಳಲಿಲ್ಲ" ಅಂದ್ಲು. ಸೋಮವಾರ ಇಬ್ಬರೂ ಕೂಡಿ ಹೋಗ್ತಾರಂತ.