ಬೆಳ್ಳಿತೆರೆಯ ಮಾಟಗಾತಿಯರು

ಇಂಗ್ಲೆಂಡಿನ ಪಾರ್ಲಿಮೆಂಟು 1735ರ ಮಾಟದ ಕಾಯಿದೆಯನ್ನು ರದ್ದುಪಡಿಸಿದ್ದು 1951ರಲ್ಲಿ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅಲ್ಲಿನ ಸಣ್ಣ ಬಂಡವಾಳದ ಚಿತ್ರೋದ್ಯಮಿಗಳಿಗೆ ಮಾಟವೇ ಮಾರುವ ಸರಕಾಯಿತು. ಸೆನ್ಸಾರಿನ ಬಿಗಿ ಸಡಿಲಿತ್ತು. ಗುಪ್ತಪೂಜೆಯ ನೆಪದಲ್ಲಿ ನಗ್ನತೆಯನ್ನು ತೋರಿಸಬಹುದಾಗಿತ್ತು. 1970ರ ‘ಲೆಜೆಂಡ್ ಆಫ್ ದಿ ವಿಚಸ್’ ಸಾಕ್ಷ್ಯಚಿತ್ರದ ವೇಷ ತೊಟ್ಟು ಬಂದದ್ದು ಹೀಗೆಯೇ.

ಇವುಗಳ ನಡುವೆ 1968ರ ‘ವಿಚ್‌ಫೈಂಡರ್ ಜನರಲ್’ ಬೇರೆಯೇ ಜಾತಿಯದು. ಟೈಗನ್ ಸಂಸ್ಥೆಗಾಗಿ ಅದನ್ನು ನಿರ್ದೇಶಿಸಿದ ಮೈಕೆಲ್ ರೀವ್ಸ್ ಮರುವರ್ಷವೇ, 25ನೆಯ ವಯಸ್ಸಿನಲ್ಲಿ, ತೀರಿಕೊಂಡ. ಅದರಲ್ಲಿ ಮಾಟವೂ ಇಲ್ಲ, ಸೈತಾನನೂ ಇಲ್ಲ. 1645ರ ಅಂತರ್ಯುದ್ಧದ ಗದ್ದಲದಲ್ಲಿ, ಊರೂರಿನಿಂದ ಹಣ ಪಡೆದು ನಿರ್ದೋಷಿಗಳನ್ನು ನೇಣಿಗೆ ಕಳಿಸಿದ ಮ್ಯಾಥ್ಯೂ ಹಾಪ್ಕಿನ್ಸ್ ಇದ್ದಾನೆ, ಅಷ್ಟೆ. ಉಳಿದ ಚಿತ್ರಗಳು ಮಾಟಗಾತಿಯ ಹೆಸರಿನಲ್ಲಿ ಕಾಸು ಮಾಡಿಕೊಂಡವು; ಇದು ಹಾಗೆ ಕಾಸು ಮಾಡಿಕೊಂಡವನನ್ನೇ ಹಿಡಿದು ತೋರಿಸಿತು.