ಕೀಲೆಣ್ಣೆಯ ಹದ: ಬಂಡಿಯ ಅಚ್ಚಿನಿಂದ ಟರ್ಬೊವರೆಗೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಆರ್ಥಿಕ ಚರಿತ್ರೆಯನ್ನು ಬರೆಯುವವರು ರೇಷ್ಮೆಗೂ ಅರಗಿನ ಬೊಂಬೆಗೂ ಬಂಡೆಗಲ್ಲಿಗೂ ಕೊಡುವ ಗಮನವನ್ನು, ಈ ಸೀಮೆಯಲ್ಲಿ ತಿರುಗುವ ಅಚ್ಚುಗಳಿಗೆ ಹಾಕುತ್ತ ಬಂದ ಎಣ್ಣೆಗೆ ಕೊಡುವುದು ಅಪರೂಪ. ಬಂಡಿಯ ಅಚ್ಚಿಗೆ ಹರಳೆಣ್ಣೆ ಬಳಿಯುತ್ತಿದ್ದ ಊರುಗಳ ಮಗ್ಗುಲಲ್ಲೇ, ಬಿಡದಿಯಲ್ಲಿ, ಇಂದು ಟರ್ಬೊ ಎಂಜಿನ್ನಿನ ವಾಹನಗಳು ಜೋಡಣೆಯಾಗುತ್ತಿವೆ. ಆದರೂ ‘ಎಣ್ಣೆ ಗಟ್ಟಿಯಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ವಾಹನ ಮಾಲೀಕರಲ್ಲಿ ಇನ್ನೂ ಉಳಿದಿದೆ. ಆ ನಂಬಿಕೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಅದು ಹುಟ್ಟಿದ ಕಾಲಕ್ಕೆ, ಅದು ಅನ್ವಯವಾಗುತ್ತಿದ್ದ ಯಂತ್ರಕ್ಕೆ, ಸಂಪೂರ್ಣ ಸರಿಯಾಗಿತ್ತು.

ಈ ಸೀಮೆಯ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲುಗಳನ್ನು, ಅಂದರೆ ಮುಖ್ಯ ಬೆಳೆಯ ಮಧ್ಯೆ ಅಂತರ ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಮುಂತಾದವುಗಳ ಸಾಲುಗಳನ್ನು ಬಿತ್ತುವ ಪದ್ಧತಿ ಹಳೆಯದು. ಹರಳು ಆ ಸಾಲುಗಳಲ್ಲಿ ಅಥವಾ ಬದುವಿನ ಮೇಲೆ ಬೆಳೆಯುತ್ತಿತ್ತು. ಎಳ್ಳು, ಹುಚ್ಚೆಳ್ಳುಗಳ ಎಣ್ಣೆ ತೆಗೆಯಲು ಗಾಣ ಬೇಕಾಗಿತ್ತು ಮತ್ತು ಆ ಕಸುಬನ್ನು ನಡೆಸುತ್ತಿದ್ದ ಗಾಣಿಗರಲ್ಲಿ ಕಲ್ಲುಗಾಣಕ್ಕೆ ಜೋಡೆತ್ತು ಕಟ್ಟುವ ಹೆಗ್ಗಾಣಿಗರು, ಮರದ ಗಾಣ ಆಡಿಸುವ ಕಿರುಗಾಣಿಗರು ಎಂಬ ಭೇದಗಳಿದ್ದವು. ಹರಳೆಣ್ಣೆಗೆ ಮಾತ್ರ ಗಾಣದ ಹಂಗಿರಲಿಲ್ಲ: ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಗ್ಗಿಸಿಕೊಳ್ಳುವ ಕೆಲಸವನ್ನು ಹೆಂಗಸರು ಮನೆಯಲ್ಲೇ ಮಾಡುತ್ತಿದ್ದರು. ಹೀಗೆ ದೀಪಕ್ಕೂ ತಲೆಗೂ ಔಷಧಕ್ಕೂ ಬಳಕೆಯಾಗುತ್ತಿದ್ದ ಎಣ್ಣೆಯೇ ಬಂಡಿಯ ಕೀಲೆಣ್ಣೆಯೂ ಆಗಿತ್ತು.

ಬಂಡಿಗೆ ಹಾಕುವಾಗ ಅದನ್ನು ಹಾಗೆಯೇ ಹಾಕುತ್ತಿರಲಿಲ್ಲ ಎಂಬುದು ಗಮನಾರ್ಹ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಕಪ್ಪಗೆ ಮಂದವಾದ ಆ ಹದವನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕಿಕೊಂಡು, ದೂರದ ದಾರಿಯಲ್ಲಿ ಗಾಲಿ ಕಿರುಗುಟ್ಟಿದ ಕೂಡಲೇ ಕಡಾಣಿ ಕಳಚಿ, ಚಕ್ರವನ್ನು ಸ್ವಲ್ಪ ಹೊರಕ್ಕೆಳೆದು, ಕಡ್ಡಿಯಿಂದ ಅಚ್ಚಿಗೆ ಬಳಿಯುತ್ತಿದ್ದರು. ಅಚ್ಚಿಗೂ ಚಕ್ರದ ನಡುವಿನ ತೂತಿಗೂ ಇರುವ ಸಂದು ದೊಡ್ಡದು, ವೇಗ ಎತ್ತಿನ ನಡಿಗೆಯಷ್ಟು, ಹೊರೆ ಭಾರಿ, ಸುತ್ತಲೂ ಧೂಳು. ಇಂಥಲ್ಲಿ ತೆಳ್ಳನೆಯ ಎಣ್ಣೆ ಹಾಕಿದರೆ ಅದು ಒಂದು ಹರದಾರಿಯೊಳಗೆ ಸೋರಿಹೋಗುತ್ತದೆ.

ಬಂಡಿ ಹೊಡೆಯುವವರು ಅನುಭವದಿಂದ ತಿಳಿದಿದ್ದ ಈ ವಿಷಯಕ್ಕೆ ಶಾಸ್ತ್ರದ ರೂಪ ಬಂದದ್ದು ಇಂಗ್ಲೆಂಡಿನಲ್ಲಿ. ರೈಲ್ವೆ ಅಚ್ಚುಗಳ ಬೇರಿಂಗ್ ಕುರಿತು ಬೋಶಾಂಪ್ ಟವರ್ 1883ರಲ್ಲಿ ನಡೆಸಿದ ಪ್ರಯೋಗಗಳನ್ನು ಆಧರಿಸಿ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ತೋರಿಸಿದ್ದೇನೆಂದರೆ, ತಿರುಗುವ ಅಚ್ಚು ತನ್ನ ತಿರುಗುವಿಕೆಯಿಂದಲೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಅಲ್ಲಿ ಹುಟ್ಟುವ ಒತ್ತಡದ ಮೇಲೆ ತೇಲುತ್ತದೆ. ಲೋಹಗಳೆರಡನ್ನೂ ಬೇರೆಯಾಗಿ ಇಡುವ ಈ ಎಣ್ಣೆಪದರದ ದಪ್ಪವು ಎಣ್ಣೆಯ ಸ್ನಿಗ್ಧತೆ ಮತ್ತು ವೇಗ ಹೆಚ್ಚಿದಂತೆ ಹೆಚ್ಚುತ್ತದೆ, ಹೊರೆ ಹೆಚ್ಚಿದಂತೆ ತಗ್ಗುತ್ತದೆ. ಸ್ನಿಗ್ಧತೆ ಎಂದರೆ ದ್ರವವೊಂದು ಹರಿಯುವುದಕ್ಕೆ ತಾನೇ ಒಡ್ಡುವ ತಡೆ. ಇದರ ಅರ್ಥ ಸರಳ: ನಿಧಾನವಾಗಿ ತಿರುಗುವುದಕ್ಕೆ ಗಟ್ಟಿ ಎಣ್ಣೆ ಬೇಕು, ಬಿರುಸಾಗಿ ತಿರುಗುವುದಕ್ಕೆ ತೆಳು ಎಣ್ಣೆಯೂ ಸಾಕು, ಮತ್ತು ಆ ಸಂದರ್ಭದಲ್ಲಿ ಅನಗತ್ಯವಾಗಿ ಗಟ್ಟಿಯಾದ ಎಣ್ಣೆ ತನ್ನ ಒಳಗಿನ ತಿಕ್ಕಾಟದಿಂದಲೇ ಬಿಸಿಯಾಗಿ ಶಕ್ತಿಯನ್ನು ತಿನ್ನುತ್ತದೆ.

ಈ ಸೀಮೆಗೆ ಲೋಹದ ಕೆಲಸವೂ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಸುತ್ತಿನ ಕಬ್ಬಿಣ ಕರಗಿಸುವ ಕುಲುಮೆಗಳನ್ನೂ, ಸಂಗೀತ ವಾದ್ಯಗಳಿಗಾಗಿ ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ವರ್ಣಿಸಿದ್ದಾನೆ. ಅದೇ ಚನ್ನಪಟ್ಟಣದ ಬೊಂಬೆ ಕಸುಬಿನಲ್ಲಿ ತಿಕ್ಕಾಟದ ಎರಡು ಮುಖಗಳೂ ಒಂದೇ ಯಂತ್ರದಲ್ಲಿ ಕಾಣಸಿಗುತ್ತವೆ. ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಅಲ್ಲಿಂದ ಗೇಣುದ್ದ ದೂರದಲ್ಲಿ, ಲೇತಿನ ಬೇರಿಂಗಿನಲ್ಲಿ, ಅದೇ ಕಾವು ಹುಟ್ಟದಂತೆ ಎಣ್ಣೆ ಬಿಡಬೇಕು. ತಿಕ್ಕಾಟವನ್ನು ಎಲ್ಲಿ ಬೇಕೆಂದು ಕರೆದು ಎಲ್ಲಿ ಬೇಡವೆಂದು ತಡೆಯಬೇಕು ಎಂಬುದನ್ನು ಇಷ್ಟು ಹತ್ತಿರದಿಂದ ಬಲ್ಲ ಕಸುಬು ಹೆಚ್ಚಿಲ್ಲ.

ಬೆಂಗಳೂರು–ಮೈಸೂರು ರೈಲುಮಾರ್ಗ ಚನ್ನಪಟ್ಟಣವನ್ನು ಹಾದು 1882ರಲ್ಲಿ ಮೈಸೂರು ಮುಟ್ಟಿತು. ಆ ಕಾಲದ ಭಾರತೀಯ ರೈಲ್ವೆಗಳಲ್ಲಿ ಹರಳೆಣ್ಣೆಯೇ ದೀಪದ ಎಣ್ಣೆಯೂ ಅಚ್ಚಿನ ಎಣ್ಣೆಯೂ ಆಗಿ ಹೇರಳವಾಗಿ ಖರ್ಚಾಗುತ್ತಿತ್ತು. ನೆಲದಿಂದ ತೆಗೆದ ಖನಿಜ ತೈಲ ಅಗ್ಗವಾದಂತೆ ಹರಳೆಣ್ಣೆಯ ಸ್ಥಾನ ಕಳಚಿತು. ಆದರೆ ಹರಳೆಣ್ಣೆಯ ಯಂತ್ರಯುಗದ ಬಾಳು ಅಲ್ಲಿಗೆ ಮುಗಿಯಲಿಲ್ಲ. ಚಾರ್ಲ್ಸ್ ವೇಕ್‌ಫೀಲ್ಡ್‌ನ ಕಂಪನಿ 1909ರಲ್ಲಿ ಮಾರಿದ ಮೋಟಾರು ಎಣ್ಣೆಗೆ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಅದರಲ್ಲಿ ಬೆರೆಸಿದ್ದ ಹರಳೆಣ್ಣೆಯಿಂದ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಇಡೀ ಎಂಜಿನ್ನೇ ಸುತ್ತುತ್ತಿದ್ದ ರೋಟರಿ ಮಾದರಿಯೊಳಗೆ ಪೆಟ್ರೋಲೂ ಎಣ್ಣೆಯೂ ಒಂದೇ ಕಡೆ ಸೇರುತ್ತಿದ್ದುದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆ ಅಲ್ಲಿ ಅನಿವಾರ್ಯವಾಯಿತು. ರೇಸ್ ಕಾರುಗಳ ಎಂಜಿನ್ನುಗಳಲ್ಲೂ ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಕಾವು ಏರಿದರೂ ಲೋಹವನ್ನು ಬಿಡದೆ ಅಂಟಿಕೊಳ್ಳುವ ಗುಣ ಅದರ ಬಲ. ಹಳತಾದಂತೆ ಗೋಂದಿನಂತಾಗಿ ಎಂಜಿನ್ನಿನ ಒಳಗೆ ಕಟ್ಟಿಕೊಳ್ಳುವುದು ಅದರ ದೋಷ.

ಎಣ್ಣೆಗೆ ಅಂಕಿ ಕೊಡುವ ಪದ್ಧತಿಯನ್ನು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 20ನೇ ಶತಮಾನದ ಆರಂಭದ ದಶಕಗಳಲ್ಲಿ ರೂಪಿಸಿತು. ಈಗಿನ ಅಳತೆಯ ಪ್ರಕಾರ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 6.9ರಿಂದ 9.3 ಸೆಂಟಿಸ್ಟೋಕ್ ಒಳಗಿನ ಎಣ್ಣೆ 20, ಅಲ್ಲಿಂದ 12.5ರೊಳಗಿನದು 30, 16.3ರೊಳಗಿನದು 40, 21.9ರೊಳಗಿನದು 50 ಎನ್ನಿಸಿಕೊಳ್ಳುತ್ತದೆ. ಸೆಂಟಿಸ್ಟೋಕ್ ಎಂಬುದು ಸ್ನಿಗ್ಧತೆಯ ಅಳತೆ. ಅದೇ ಕಾವಿನಲ್ಲಿ ಹರಳೆಣ್ಣೆಯ ಸ್ನಿಗ್ಧತೆ ಸುಮಾರು 19 ಸೆಂಟಿಸ್ಟೋಕ್ ಆಗಿರುವುದರಿಂದ, ರಾಗಿ ಹೊಲದ ಬದುವಿನಲ್ಲಿ ಬೆಳೆದ ಎಣ್ಣೆ ಇಂದಿನ ಪಟ್ಟಿಯಲ್ಲಿ 50ನೇ ದರ್ಜೆಯಲ್ಲಿ ಬಂದು ಕೂರುತ್ತದೆ.

1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಬಸ್ಸು, ಲಾರಿ, ಪಂಪ್‌ಸೆಟ್ಟುಗಳು ಹೆಚ್ಚಿದಂತೆ ಖನಿಜ ಎಣ್ಣೆಯ ಡಬ್ಬಿಗಳು ಸಂತೆಯೂರುಗಳನ್ನು ಹೊಕ್ಕವು. ಸವೆದ ಎಂಜಿನ್ನು, ಅಗಲಗೊಂಡ ಸಂದು, ಉಸಿರು ಕಟ್ಟುವ ಹೊರೆ ಇದ್ದ ಆ ವಾಹನಗಳಿಗೆ 40ರ ಎಣ್ಣೆ, ಮುಂದೆ 20ಡಬ್ಲ್ಯೂ-40 ಮತ್ತು 15ಡಬ್ಲ್ಯೂ-40, ಸಹಜವಾಗಿಯೇ ಒಪ್ಪಿದವು. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಜನ ಚೆಲ್ಲಲಿಲ್ಲ. ಅದು ಬಂಡಿಯ ಅಚ್ಚಿಗೆ, ಗೆದ್ದಲು ಹತ್ತದಂತೆ ಮರದ ಕಂಬಗಳಿಗೆ ಹೋಯಿತು, ಮತ್ತು ಹರಳೆಣ್ಣೆಯ ಗೊಟ್ಟವನ್ನು ಬಂಡಿಯಿಂದ ಇಳಿಸಿದ್ದು ಬಹುಮಟ್ಟಿಗೆ ಈ ಪುಕ್ಕಟೆ ಎಣ್ಣೆಯೇ. ಬಂಡಿಗೂ ಲಾರಿಗೂ ಒಂದೇ ಹದ ಒಗ್ಗಿದ್ದರಿಂದ ಗಟ್ಟಿತನವೇ ಎಣ್ಣೆಯ ಸತ್ವವೆಂಬ ತಿಳಿವಳಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟಿತು.

ಆ ತಿಳಿವಳಿಕೆ ತಪ್ಪತೊಡಗಿದ್ದು ಬಿಡದಿಯಲ್ಲಿ. ಟೊಯೋಟಾ ಮತ್ತು ಕಿರ್ಲೋಸ್ಕರ್ ಸಮೂಹದ ಜಂಟಿ ಕಂಪನಿ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಯಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದಿತು. ಅದರ ಡೀಸೆಲ್ ಎಂಜಿನ್ನಿಗೆ ಟರ್ಬೊ ಇರಲಿಲ್ಲ. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದ 2.5 ಲೀಟರ್ ಎಂಜಿನ್ನಿಗೆ ಇತ್ತು. ಟರ್ಬೊ ಎಂದರೆ ಎಂಜಿನ್ನು ಹೊರಬಿಡುವ ಬಿಸಿ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ. ಬೆರಳಿಗಿಂತ ದಪ್ಪವಿಲ್ಲದ ಆ ಅಚ್ಚು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಸಾಮಾನ್ಯವಾಗಿ ಎಂಜಿನ್ ಎಣ್ಣೆಯ ಪದರದ ಮೇಲೆಯೇ ತೇಲುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದರ ಒಂದು ಪಕ್ಕದ ಹೊಗೆಯ ಕಾವು 900 ಡಿಗ್ರಿ ಮೀರುವುದುಂಟು. ರೆನಾಲ್ಡ್ಸನ ಲೆಕ್ಕದಲ್ಲಿ ಎತ್ತಿನ ಗಾಡಿಯ ನೇರ ವಿರುದ್ಧ ತುದಿ ಇದು. ಇಲ್ಲಿ ಎಣ್ಣೆ ಆಸರೆಯಷ್ಟೇ ಅಲ್ಲ, ಕಾವನ್ನು ಹೊತ್ತೊಯ್ಯುವ ಕೆಲಸವೂ ಅದರದೇ. ವೇಗವಾಗಿ ಹರಿಯದಿದ್ದರೆ ಅಲ್ಲೇ ಸೀದು ಕರಿಯಾಗಿ ಕಟ್ಟಿಕೊಳ್ಳುತ್ತದೆ. ದೂರ ಓಡಿಸಿದ ಮೇಲೆ ಎಂಜಿನ್ನನ್ನು ತಕ್ಷಣ ಆರಿಸದೆ ಒಂದೆರಡು ನಿಮಿಷ ಹಾಗೆಯೇ ಬಿಡುವ ರೂಢಿ ಬಂದದ್ದು ಇದರಿಂದ. ಹಳೆಯ ಇನ್ನೋವಾಗಳಿಗೆ 15ಡಬ್ಲ್ಯೂ-40 ಹಾಕುತ್ತಿದ್ದ ಗ್ಯಾರೇಜುಗಳಿಗೆ 2016ರ ನಂತರ ಹೊಸ ಇನ್ನೋವಾ ಕ್ರಿಸ್ಟಾದೊಂದಿಗೆ 5ಡಬ್ಲ್ಯೂ-30 ಬಂದಾಗ, ‘ನೀರಿನಂಥ ಎಣ್ಣೆ’ಯ ಬಗೆಗಿನ ಅನುಮಾನವೂ ಜೊತೆಗೇ ಬಂತು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ, ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬದಿಗೆ ಬಿಟ್ಟು ಹೋಗುವ ದಾರಿ ತೆರೆದ ಮೇಲೆ, ಬೆಂಗಳೂರಿನ ಟರ್ಬೊ ಸ್ಪೋರ್ಟ್ಸ್ ಕಾರುಗಳು ಈ ಸೀಮೆಯಲ್ಲಿ ನಿತ್ಯದ ನೋಟವಾಗಿವೆ. ಇವುಗಳ ಎಣ್ಣೆಯ ಆಯ್ಕೆಯಲ್ಲಿ ಡಬ್ಬಿಯ ಮೇಲಿನ ಎರಡು ಅಂಕಿಗಳಿಗೆ ಸಮಾನ ಬೆಲೆ ಇಲ್ಲ. ‘ಡಬ್ಲ್ಯೂ’ ಅಕ್ಷರದ ಹಿಂದಿನ ಅಂಕಿ ಚಳಿಯ ಅಳತೆ: 0 ಎಂಬುದನ್ನು ಪರೀಕ್ಷಿಸುವುದು ಶೂನ್ಯಕ್ಕಿಂತ 35 ಡಿಗ್ರಿ ಕೆಳಗೆ, 5 ಎಂಬುದನ್ನು 30 ಡಿಗ್ರಿ ಕೆಳಗೆ, 15 ಎಂಬುದನ್ನು 20 ಡಿಗ್ರಿ ಕೆಳಗೆ. ಮಾಗಡಿಯ ಮಾಗಿಚಳಿ ಅದರ ಹತ್ತಿರಕ್ಕೂ ಸುಳಿಯದ ಕಾರಣ, ಆರಂಭದಲ್ಲಿ ಎಣ್ಣೆ ಟರ್ಬೊವನ್ನು ಬೇಗ ಮುಟ್ಟುವುದೊಂದನ್ನು ಬಿಟ್ಟರೆ ಆ ಅಂಕಿಯಿಂದ ಇಲ್ಲಿ ದೊಡ್ಡ ವ್ಯತ್ಯಾಸವಾಗದು. ನಿರ್ಣಾಯಕವಾದದ್ದು ಎರಡನೆಯ ಅಂಕಿ, ಅದಕ್ಕಿಂತ ಹೆಚ್ಚಾಗಿ ಡಬ್ಬಿಯ ಮುಂಭಾಗದಲ್ಲಿ ಕಾಣಿಸದ ಇನ್ನೊಂದು ಅಳತೆ: 150 ಡಿಗ್ರಿ ಕಾವಿನಲ್ಲಿ, ಬೇರಿಂಗಿನೊಳಗಿನಂಥ ಬಿರುಸಿನ ಉಜ್ಜಾಟದಲ್ಲಿ ಉಳಿಯುವ ಸ್ನಿಗ್ಧತೆ. ಒಂದೇ 40 ಎಂದು ಬರೆದ ಎರಡು ಎಣ್ಣೆಗಳೂ ಇಲ್ಲಿ ಬೇರೆಯಾಗಬಹುದು, ಏಕೆಂದರೆ ಕಾವಿನಲ್ಲಿ ಎಣ್ಣೆ ತೆಳುವಾಗದಂತೆ ಹಿಡಿಯಲು ಬೆರೆಸುವ ಪಾಲಿಮರುಗಳು, ಅಂದರೆ ಉದ್ದುದ್ದ ಸರಪಳಿಯ ಅಣುಗಳು, ಬಿರುಸಿನ ಉಜ್ಜಾಟಕ್ಕೆ ಸಿಕ್ಕಾಗ ತಾತ್ಕಾಲಿಕವಾಗಿ ಮಲಗಿಬಿಡುತ್ತವೆ ಅಥವಾ ಶಾಶ್ವತವಾಗಿ ತುಂಡಾಗುತ್ತವೆ.

ಪೋರ್ಷೆ ಕಂಪನಿಯ ಎ40 ಎಂಬ ಮಾನದಂಡ ಈ ಅಳತೆಯಲ್ಲಿ ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡ್ ಕೇಳುತ್ತದೆ ಮತ್ತು 0ಡಬ್ಲ್ಯೂ-40, 5ಡಬ್ಲ್ಯೂ-40 ಎಣ್ಣೆಗಳಿಗೆ ಸಲ್ಲುತ್ತದೆ. ಅದೇ ಕಂಪನಿಯ ಸಿ20 ಮಾನದಂಡ ಬೇರೆ ಎಂಜಿನ್ನುಗಳಿಗೆ 0ಡಬ್ಲ್ಯೂ-20 ಎಣ್ಣೆಯನ್ನು ಒಪ್ಪುತ್ತದೆ. ಹಾಗಾಗಿ ತೆಳು ಎಣ್ಣೆಯೆಲ್ಲ ಇಂಧನ ಉಳಿತಾಯಕ್ಕಾಗಿ ಮಾಡಿದ ರಾಜಿ ಎಂಬ ಮಾತೂ, ಸ್ಪೋರ್ಟ್ಸ್ ಕಾರಿಗೆಲ್ಲ 50 ಬೇಕೆಂಬ ಮಾತೂ ಸಮನಾಗಿ ಪೊಳ್ಳು: ಬೇರಿಂಗಿನ ಸಂದು, ಎಣ್ಣೆ ಪಂಪಿನ ಸಾಮರ್ಥ್ಯ, ಎಣ್ಣೆ ತಣಿಸುವ ಏರ್ಪಾಡು ಇವೆಲ್ಲ ಒಂದು ಹದವನ್ನು ಎಣಿಸಿಯೇ ರೂಪುಗೊಂಡಿರುತ್ತವೆ. ಒಂದು ಅಪವಾದವನ್ನು ಮಾತ್ರ ಒಪ್ಪಬೇಕು. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್ನುಗಳಲ್ಲಿ ಉರಿಯದೆ ಉಳಿದ ಪೆಟ್ರೋಲ್ ಸ್ವಲ್ಪಸ್ವಲ್ಪವಾಗಿ ಎಣ್ಣೆಗಿಳಿದು ಅದನ್ನು ತೆಳುವಾಗಿಸುತ್ತದೆ. ನಗರದ ಕಿರು ಓಡಾಟದಲ್ಲಿ ಎಂಜಿನ್ನು ಪೂರ್ತಿ ಕಾಯದಿದ್ದಾಗ ಇದು ಹೆಚ್ಚು, ಹೆದ್ದಾರಿಯ ದೀರ್ಘ ಓಟದಲ್ಲಿ ಆ ಪೆಟ್ರೋಲ್ ಬಹುಪಾಲು ಆವಿಯಾಗಿ ಹೋಗುತ್ತದೆ. ವಾರವಿಡೀ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತು ಭಾನುವಾರ ಚನ್ನಪಟ್ಟಣದಾಚೆಗೆ ಬಿರುಸಾಗಿ ಓಡುವ ಕಾರಿನ ಎಣ್ಣೆ, ಡಬ್ಬಿಯ ಮೇಲೆ 30 ಎಂದಿದ್ದರೂ ಎಂಜಿನ್ನಿನೊಳಗೆ 20ರ ಹದಕ್ಕೆ ಇಳಿದಿರಬಹುದು. ಅಂಥ ಕಾರಿಗೆ ಕೈಪಿಡಿ ಒಪ್ಪುವ ಮಿತಿಯೊಳಗೆ ಒಂದು ದರ್ಜೆ ಮೇಲಿನ ಎಣ್ಣೆ ಆರಿಸುವುದಕ್ಕೂ, ಸೂಚಿಸಿದ ಕಿಲೋಮೀಟರಿಗಿಂತ ಮೊದಲೇ ಎಣ್ಣೆ ಬದಲಿಸುವುದಕ್ಕೂ ಕಾರಣವಿದೆ. ಎರಡರಲ್ಲಿ ಒಂದನ್ನೇ ಮಾಡುವುದಾದರೆ ಎರಡನೆಯದು ಮೇಲು.