ಹನ್ನೆರಡು ಲಕ್ಷದ ಅಲ್ಪವಿರಾಮ

ಸೂರತ್, ಅಹಮದಾಬಾದುಗಳ ಶರಾಫರು ಹುಂಡಿ ಬರೆಯುವಾಗ ಮೊತ್ತವನ್ನು ಅಂಕಿಯಲ್ಲಿ ನಮೂದಿಸಿ ಸುಮ್ಮನಾಗುತ್ತಿರಲಿಲ್ಲ. ಸಾವಿರ ರೂಪಾಯಿಯಾದರೆ ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ ಬರೆದು, ಇದರ ಅರ್ಧ ಐನೂರು, ಅದರ ಇಮ್ಮಡಿ ಕೊಡತಕ್ಕದ್ದು ಎಂಬರ್ಥದ ಮಾತನ್ನೂ ಸೇರಿಸುವುದು ವಾಡಿಕೆ. ಸೊನ್ನೆಯೊಂದನ್ನು ಹೆಚ್ಚಿಸಿ ಮೋಸ ಮಾಡಲು ಹೊರಟವನು ಮೂರು ಕಡೆ ತಿದ್ದಬೇಕು. ಹುಂಡಿ ನಗದಾಗುತ್ತಿದ್ದುದು ದೂರದ ಊರಿನಲ್ಲಿ. ಬರೆದವನು ಅಲ್ಲಿಗೆ ಬಂದು ವಿವರಿಸುವಂತಿರಲಿಲ್ಲ.

ವಡೋದರಾದಲ್ಲಿ ಇನ್ನೊಂದು ತೊಡಕು. ಗಾಯಕವಾಡರ ಬಾಬಾಶಾಹಿ ರೂಪಾಯಿ ಬೇರೆ, ಬ್ರಿಟಿಷರ ರೂಪಾಯಿ ಬೇರೆ. ಬರೀ ‘ರೂಪಾಯಿ’ ಎಂದರೆ ಲೆಕ್ಕ ಮುಗಿಯುತ್ತಿರಲಿಲ್ಲ.

ಕಾಲು, ಅರೆ, ಮುಕ್ಕಾಲಿಗೆ ಒಂದು, ಎರಡು, ಮೂರು ಗೆರೆ ಎಳೆಯುವ ಪದ್ಧತಿ ಗುಜರಾತಿ ಲೆಕ್ಕದಲ್ಲೂ ಇತ್ತು, ನಮ್ಮ ಹಳೆಯ ಕನ್ನಡ ಕಡತಗಳಲ್ಲೂ ಇತ್ತು. ಆ ಗೆರೆಗಳಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2009ರಲ್ಲಿ.

ಅಷ್ಟರಲ್ಲಿ ಲೆಕ್ಕ ಜಾಲತಾಣಕ್ಕೆ ಬಂದಿತ್ತು. 1995ರಲ್ಲಿ ಹೊರಬಂದ ಪಿಎಚ್‌ಪಿಯಲ್ಲಿ ಸಂಖ್ಯೆಯನ್ನು ಒಪ್ಪವಾಗಿ ತೋರಿಸಲು ‘ನಂಬರ್ ಫಾರ್ಮ್ಯಾಟ್’ ಎಂಬ ಫಂಕ್ಷನ್ ಇದೆ. ಅಲ್ಪವಿರಾಮದ ಬದಲು ಬೇರೆ ಚಿಹ್ನೆ ಹಾಕೆಂದರೆ ಹಾಕುತ್ತದೆ. ಎಲ್ಲಿ ಹಾಕಬೇಕೆಂದು ಮಾತ್ರ ಕೇಳುವುದಿಲ್ಲ. ಮೂರಂಕಿಗೊಂದು, ಅಷ್ಟೇ. ಹಾಗಾಗಿ 12,34,567 ಅಲ್ಲಿ 1,234,567 ಆಗುತ್ತದೆ. ಲಕ್ಷ, ಕೋಟಿಯಲ್ಲಿ ಯೋಚಿಸುವ ಸೂರತ್‌ನ ಬಟ್ಟೆ ವ್ಯಾಪಾರಿ ಅದನ್ನೋದಲು ಬಲದಿಂದ ಎಡಕ್ಕೆ ಅಂಕಿ ಎಣಿಸಬೇಕು. ಕೊನೆಯ ಮೂರಂಕಿ ಬಿಟ್ಟು ಉಳಿದುದನ್ನು ಎರಡೆರಡಾಗಿ ಕತ್ತರಿಸುವ ಪುಟ್ಟ ಕೋಡನ್ನು ನಮ್ಮ ಪ್ರೋಗ್ರಾಮರುಗಳು ತಾವೇ ಬರೆದುಕೊಳ್ಳಬೇಕಾಯಿತು. ಇಷ್ಟು ದೊಡ್ಡ ದೇಶದ ಎಣಿಕೆಯನ್ನು ವಿಶೇಷ ಪ್ರಕರಣವೆಂದು ಬಗೆದದ್ದು ಸೋಜಿಗವೇ.

2009ರ ಪಿಎಚ್‌ಪಿ 5.3ರೊಂದಿಗೆ ಭಾಷಾವಾರು ಪದ್ಧತಿ ಬಲ್ಲ ವಿಸ್ತರಣೆಯೊಂದು ಬಂತು. ಜಾವಾಸ್ಕ್ರಿಪ್ಟ್‌ಗೆ ಅಂಥದೇ ಮಾನದಂಡ ಸಿದ್ಧವಾದದ್ದು 2012ರ ಡಿಸೆಂಬರ್‌ನಲ್ಲಿ. ಈಗ ‘ಗುಜರಾತಿ, ಭಾರತ’ ಎಂದು ಸೂಚಿಸಿದರೆ ಅಲ್ಪವಿರಾಮ ಲಕ್ಷದ ಜಾಗದಲ್ಲೇ ಕೂರುತ್ತದೆ. ಗುಜರಾತಿ ಅಂಕಿ ಬೇಕಿದ್ದರೆ ಬೇರೆಯಾಗಿ ಕೇಳಬೇಕು. ಯಾವ ದೇಶದ ಹಣವೆಂದೂ ಹೇಳಬೇಕು. ಬಾಬಾಶಾಹಿಯ ಕಾಲದ ತೊಡಕೇ ಇದು.

ಆದರೆ ಹೀಗೆ ಒಪ್ಪಮಾಡಿದ ಸಂಖ್ಯೆ ಕಂಪ್ಯೂಟರಿನ ಪಾಲಿಗೆ ಸಂಖ್ಯೆಯಲ್ಲ, ಬರಿಯ ಪಠ್ಯ. 12,34,567 ಎಂಬ ಆ ಪಠ್ಯವನ್ನು ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಫ್ಲೋಟ್’ಗೆ ಕೊಟ್ಟು ಮತ್ತೆ ಸಂಖ್ಯೆ ಮಾಡಹೊರಟರೆ ಅದು ಮೊದಲ ಅಲ್ಪವಿರಾಮದಲ್ಲೇ ನಿಂತುಬಿಡುತ್ತದೆ. ಉತ್ತರ 12. ತಪ್ಪಾಯಿತೆಂಬ ಸೂಚನೆಯೂ ಬರುವುದಿಲ್ಲ, ಅರ್ಧವೆಷ್ಟೆಂದು ತಾಳೆ ನೋಡುವವರೂ ಅಲ್ಲಿಲ್ಲ.